ತುಂಬಿದ ಮನೆಯೂ ನೀರಿನ ಮೀಟರೂ

ಆಡಂ ಸ್ಮಿತ್ ಮಹಾಶಯನು 1776ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ನೀರನ್ನೂ ವಜ್ರವನ್ನೂ ಜೊತೆಗಿಟ್ಟು ಒಂದು ಪ್ರಶ್ನೆಯನ್ನೆತ್ತಿದನು. ನೀರಿಲ್ಲದೆ ಬದುಕಿಲ್ಲ, ಆದರೂ ಅದಕ್ಕೆ ಬೆಲೆಯಿಲ್ಲ. ವಜ್ರವಿಲ್ಲದೆ ಸುಖವಾಗಿ ಬದುಕಬಹುದು, ಆದರೂ ಅದಕ್ಕೆ ಅಷ್ಟೊಂದು ಬೆಲೆ. ಇದೇಕೆ? ಅರ್ಥಶಾಸ್ತ್ರದ ಮೊದಲನೆಯ ವರ್ಷದ ತರಗತಿಯಲ್ಲಿ ಈ ಪಾಠವನ್ನು ಕೇಳದ ವಿದ್ಯಾರ್ಥಿ ಇರಲಾರನು. ನಾನು ಇದನ್ನು ಕೇಳಿದ್ದು 2024ರ ಫೆಬ್ರವರಿಯಲ್ಲಿ. ನೀರಿಗೆ ಬೆಲೆಯಿಲ್ಲವೆಂಬ ಮಾತನ್ನು ಟಿಪ್ಪಣಿಯಲ್ಲಿ ಬರೆದುಕೊಂಡು ಸಂಜೆ ಮನೆಗೆ ಹೋದರೆ, ನಡುಮನೆಯಲ್ಲಿ ನಮ್ಮ ದೊಡ್ಡಪ್ಪನವರೂ ತಂದೆಯವರೂ ನೀರಿನ ಬಿಲ್ಲನ್ನು ಮುಂದಿಟ್ಟುಕೊಂಡು ಮಾತಿಲ್ಲದೆ ಕುಳಿತಿದ್ದರು.

ನಮ್ಮ ಮನೆಯಲ್ಲಿ ಹನ್ನೊಂದು ಜನ. ಕೆಳಗಿನ ಮನೆಯಲ್ಲಿ ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅವರ ಮಗ, ಸೊಸೆ, ಮೊಮ್ಮಗು. ಮಹಡಿಯ ಮೇಲೆ ತಂದೆ, ತಾಯಿ, ಅತ್ತೆ, ನಾನು, ತಂಗಿ. ಅಡಿಗೆ ಒಂದೇ, ನೀರಿನ ಮೀಟರೂ ಒಂದೇ. ಆ ತಿಂಗಳು ಮೀಟರಿನ ಪ್ರಕಾರ ನಾವು ಬಳಸಿದ ನೀರು 44,000 ಲೀಟರು. ಒಳಚರಂಡಿ ಮುಂತಾದ ಶುಲ್ಕಗಳನ್ನು ಬಿಟ್ಟು ನೀರೊಂದಕ್ಕೇ ಬಂದ ಮೊಬಲಗು 737 ರೂಪಾಯಿ. ಇದೇನು ಮಹಾ ಎಂದು ಕೆಲವರು ನಕ್ಕಾರು. ನಗುವುದಕ್ಕೆ ಮೊದಲು ಎದುರುಮನೆಯ ಬಿಲ್ಲನ್ನು ನೋಡಬೇಕು. ಅಲ್ಲಿ ನಾಲ್ಕು ಜನ. ಅವರು ಕೊಟ್ಟದ್ದು 150 ರೂಪಾಯಿಗೂ ಕಡಮೆ. ಜನ ಮೂರರಷ್ಟೂ ಇಲ್ಲ, ಹಣ ಐದರಷ್ಟು! "ನಾವೇನು ನೀರಿನಲ್ಲಿ ಹೋಳಿ ಆಡುತ್ತೇವೆಯೆ?" ಎಂದು ದೊಡ್ಡಪ್ಪ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯೇ ಈ ಲೇಖನ.

ಬೆಂಗಳೂರಿನ ನೀರು ಬಿಟ್ಟಿ ಬರುವಂಥದಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಕೆರೆ ಬಾವಿಗಳ ಊರಾಗಿದ್ದ ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಕೊಳಾಯಿ ನೀರು ಬಂದಿತು. ಎರಡೂ ಅರ್ಕಾವತಿಯ ನೀರು. 1964ರಲ್ಲಿ ಜಲಮಂಡಳಿ ಸ್ಥಾಪಿತವಾಯಿತು. 1974ರಲ್ಲಿ ಕಾವೇರಿಯ ಮೊದಲನೆಯ ಹಂತ ಪೂರೈಸಿತು. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರ, ಮೂರು ಕಡೆ ಪಂಪು ಹಾಕಿ ಏರಿಸಿ ತಂದ ನೀರು ಇದು. ನದಿ ತಗ್ಗಿನಲ್ಲಿ, ಊರು ದಿಣ್ಣೆಯ ಮೇಲೆ. ಹಾಗಿರುವಾಗ ವಿದ್ಯುಚ್ಛಕ್ತಿಯ ಖರ್ಚೇ ಎಷ್ಟಾದೀತು! ಬೆಲೆ ಇರಬೇಕು, ಸರಿ. ಆ ಬೆಲೆಯನ್ನು ಯಾರ ಮೇಲೆ ಹೇಗೆ ಹಂಚುವುದೆಂಬುದೇ ಪ್ರಶ್ನೆ.

ಹಂಚಿರುವ ರೀತಿ ಹೀಗೆ. 2014ರಲ್ಲಿ ಗೊತ್ತಾಗಿ 2025ರ ಏಪ್ರಿಲ್‌ವರೆಗೆ ಜಾರಿಯಲ್ಲಿದ್ದ ದರಪಟ್ಟಿಯಲ್ಲಿ ವಾಸದ ಮನೆಗಳಿಗೆ ನಾಲ್ಕು ಮೆಟ್ಟಿಲುಗಳಿದ್ದವು. ತಿಂಗಳಿಗೆ ಮೊದಲ 8,000 ಲೀಟರಿಗೆ ಸಾವಿರ ಲೀಟರೊಂದಕ್ಕೆ 7 ರೂಪಾಯಿ. ಅಲ್ಲಿಂದ 25,000ದ ವರೆಗೆ 11 ರೂಪಾಯಿ. 50,000ದ ವರೆಗೆ 26 ರೂಪಾಯಿ. ಅದರ ಮೇಲೆ 45 ರೂಪಾಯಿ. 2025ರ ಏಪ್ರಿಲ್‌ನಲ್ಲಿ ದರ ಏರಿತು. ಮುಂದೆ ವರ್ಷಕ್ಕೆ ನೂರಕ್ಕೆ ಮೂರರಂತೆ ಏರಿಸುತ್ತ ಹೋಗುವುದೆಂದೂ ಗೊತ್ತಾಯಿತು. ಆದರೆ ಮೆಟ್ಟಿಲುಗಳು ಇದ್ದಲ್ಲಿಯೇ ಇದ್ದವು. ನಮ್ಮ ಮನೆಯ ರಸೀತಿಗಳು ಹಳೆಯ ದರದವಾದುದರಿಂದ ಲೆಕ್ಕವನ್ನೆಲ್ಲ ಅದರಲ್ಲಿಯೇ ಮಾಡಿದ್ದೇನೆ. ವಾಚಕರು ತಮ್ಮ ತಿಂಗಳ ದರವನ್ನು ಅದರ ಜಾಗದಲ್ಲಿ ಇಟ್ಟುಕೊಂಡು ನೋಡಬಹುದು.

ಒಳಚರಂಡಿಯುಳ್ಳ ಪಟ್ಟಣಗಳಲ್ಲಿ ಮನುಷ್ಯನೊಬ್ಬನಿಗೆ ದಿನಕ್ಕೆ 135 ಲೀಟರು ಬೇಕೆಂಬುದು ನಮ್ಮ ದೇಶದ ಎಂಜಿನಿಯರುಗಳು ಇಟ್ಟುಕೊಂಡಿರುವ ಅಳತೆ. ಎದುರುಮನೆಯ ನಾಲ್ವರೂ ನಮ್ಮ ಹನ್ನೊಂದು ಜನರೂ ಸರಿಯಾಗಿ ಈ ಅಳತೆಯಂತೆಯೇ ಬಳಸುವರೆಂದು ಭಾವಿಸೋಣ. ಅವರದು ತಿಂಗಳಿಗೆ 16,200 ಲೀಟರು, ನಮ್ಮದು 44,550 ಲೀಟರು. ಅವರು 8,000 ಲೀಟರಿಗೆ 56 ರೂಪಾಯಿ, ಉಳಿದ 8,200 ಲೀಟರಿಗೆ 90 ರೂಪಾಯಿ 20 ಪೈಸೆ, ಒಟ್ಟು 146 ರೂಪಾಯಿ 20 ಪೈಸೆ ಕೊಡುತ್ತಾರೆ. ನಾವು ಮೊದಲ ಮೆಟ್ಟಿಲಿಗೆ 56, ಎರಡನೆಯದಕ್ಕೆ 187, ಮೂರನೆಯದರಲ್ಲಿ ಬೀಳುವ 19,550 ಲೀಟರಿಗೆ 508 ರೂಪಾಯಿ 30 ಪೈಸೆ, ಒಟ್ಟು 751 ರೂಪಾಯಿ 30 ಪೈಸೆ ಕೊಡಬೇಕು. ಅಂದರೆ ಅವರಿಗೆ ತಲಾ 36 ರೂಪಾಯಿ 55 ಪೈಸೆ, ನಮಗೆ ತಲಾ 68 ರೂಪಾಯಿ 30 ಪೈಸೆ. ಒಬ್ಬೊಬ್ಬರೂ ಮಿಂದ ನೀರು ಒಂದೇ, ಕುಡಿದ ನೀರು ಒಂದೇ. ಒಂದೇ ಸೂರಿನ ಕೆಳಗೆ ಇದ್ದೇವೆಂಬ ಒಂದು ಕಾರಣಕ್ಕೆ ನಮ್ಮ ಮನೆಯ ಮನುಷ್ಯನು ಹೆಚ್ಚುಕಡಮೆ ಎರಡರಷ್ಟು ತೆರಬೇಕಾಯಿತು. ಹೋಳಿಯನ್ನು ಆಡಿದ್ದು ನಾವಲ್ಲ, ಮೆಟ್ಟಿಲುಗಳು.

ಮೆಟ್ಟಿಲು ದರವನ್ನು ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಬಡವನಿಗೆ ಬೇಕಾದಷ್ಟು ಅಗ್ಗವಾಗಿ ದೊರೆಯಲಿ, ಕಾರು ತೊಳೆದು ಹುಲ್ಲುಹಾಸಿಗೆ ಹಾಯಿಸುವವನು ಹೆಚ್ಚು ಕೊಡಲಿ, ಕೊಡಲಾರೆನೆಂದರೆ ಪೋಲು ಮಾಡುವುದನ್ನು ಬಿಡಲಿ. ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇದರ ಬುಡದಲ್ಲಿ ಒಂದು ಊಹೆ ಅಡಗಿದೆ: ಹೆಚ್ಚು ನೀರು ಬಳಸುವ ಮನೆಯೆಂದರೆ ಸಿರಿವಂತರ ಮನೆ. ಮೀಟರಿಗೆ ಕಾಣುವುದು ನೀರು ಮಾತ್ರ, ತಲೆಗಳಲ್ಲ. ಗಂಡಹೆಂಡಿರಿಬ್ಬರೇ ಇರುವ ಬಂಗಲೆಯೂ ಮೂರು ತಲೆಮಾರು ತುಂಬಿದ ಮನೆಯೂ ಅದಕ್ಕೆ ಒಂದೇ. ವಠಾರಗಳನ್ನು ನೆನೆಸಿಕೊಳ್ಳಿ. ಆರೇಳು ಬಾಡಿಗೆ ಸಂಸಾರಗಳು, ಅಂಗಳದಲ್ಲಿ ಒಂದು ನಲ್ಲಿ, ಬೀದಿಯ ಕಡೆ ಒಂದು ಮೀಟರು. ಆ ಮೀಟರು ಮೂರನೆಯ ಮೆಟ್ಟಿಲನ್ನೂ ದಾಟಿ ನಾಲ್ಕನೆಯದಕ್ಕೆ ಹತ್ತುವುದು. ಮಾಲಿಕನು ಅದನ್ನು ಬಾಡಿಗೆಯೊಡನೆ ಸಮನಾಗಿ ಹಂಚುವನು. ಯಾರಿಗಾಗಿ ಅಗ್ಗದ ಮೆಟ್ಟಿಲನ್ನು ಕಟ್ಟಿದರೋ ಅವರೇ ದುಬಾರಿ ಮೆಟ್ಟಿಲಿನ ಮೇಲೆ ನಿಂತಿರುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಡೇಲ್ ವಿಟಿಂಗ್‌ಟನ್ ಅವರು 1992ರಷ್ಟು ಹಿಂದೆಯೇ ಹಿಂದುಳಿದ ದೇಶಗಳ ನಗರಗಳ ಬಗ್ಗೆ ಬರೆಯುತ್ತ ಇದೇ ದೋಷವನ್ನು ಎತ್ತಿ ತೋರಿಸಿದ್ದಾರೆ.

ಉಚಿತವಾಗಿ ಕೊಟ್ಟರೂ ತೊಡಕು ತಪ್ಪುವುದಿಲ್ಲ. ದೆಹಲಿಯಲ್ಲಿ 2015ರಲ್ಲಿ ಮನೆಯೊಂದಕ್ಕೆ ತಿಂಗಳಿಗೆ 20,000 ಲೀಟರು ಉಚಿತವೆಂಬ ಯೋಜನೆ ಆರಂಭವಾಯಿತು. ಮಿತಿ ಮೀರಿದರೆ ಬಳಸಿದ್ದಕ್ಕೆಲ್ಲ ಹಣ ತೆರಬೇಕು. ನಾಲ್ವರ ಮನೆಗೆ ಇದು ದಿನಕ್ಕೆ ತಲಾ 166 ಲೀಟರಾಯಿತು, ಸುಖವಾಗಿ ಸಾಕು. ಹನ್ನೊಂದು ಜನರಿಗೆ ತಲಾ 60 ಲೀಟರು. ಅವರು ಮಿತಿಯೊಳಗೆ ನಿಲ್ಲುವುದು ಹೇಗೆ?

ನೀರಿನಲ್ಲಿ ಕಾಣದಿದ್ದುದು ಅಕ್ಕಿಯಲ್ಲಿ ಕಾಣುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಲ್ಲಿ ಎರಡು ಬಗೆಯ ಲೆಕ್ಕಗಳಿವೆ. ಆದ್ಯತಾ ಕುಟುಂಬಗಳಿಗೆ ತಿಂಗಳಿಗೆ ತಲಾ 5 ಕಿಲೋಗ್ರಾಂ ಧಾನ್ಯ. ಅಂತ್ಯೋದಯ ಕುಟುಂಬಕ್ಕೆ ತಲೆಗಳನ್ನೆಣಿಸದೆ ಮನೆಗೆ 35 ಕಿಲೋಗ್ರಾಂ. ಹೀಗಾಗಿ ಮನೆಯಲ್ಲಿ ಏಳಕ್ಕಿಂತ ಹೆಚ್ಚು ಜನರಿದ್ದರೆ, ಕಡುಬಡವನೆಂದು ಸರಕಾರವೇ ಒಪ್ಪಿದವನಿಗೆ ತಲಾ ಸಿಕ್ಕುವುದು ಅವನಿಗಿಂತ ಸ್ವಲ್ಪ ಅನುಕೂಲವಾಗಿರುವವನಿಗಿಂತ ಕಡಮೆ! ಮನೆಯನ್ನು ಎಣಿಸಬೇಕೆ, ಜನರನ್ನು ಎಣಿಸಬೇಕೆ ಎಂಬ ಪ್ರಶ್ನೆ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ.

ದಕ್ಷಿಣ ಆಫ್ರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ಆ ದೇಶದ ಸರಕಾರ 2001ರಲ್ಲಿ ಮನೆಯೊಂದಕ್ಕೆ ತಿಂಗಳಿಗೆ 6,000 ಲೀಟರು ಉಚಿತವೆಂದು ನೀತಿಯನ್ನು ಮಾಡಿತು. ಈ ಸಂಖ್ಯೆ ಎಲ್ಲಿಂದ ಬಂತು? ಮನುಷ್ಯನಿಗೆ ದಿನಕ್ಕೆ 25 ಲೀಟರು, ಮನೆಗೆ ಎಂಟು ಜನ, ತಿಂಗಳಿಗೆ ಮೂವತ್ತು ದಿನ: ಗುಣಿಸಿದರೆ 6,000. ಎಂಟು ಜನರೆಂದು ಎಣಿಸಿದ್ದು ಉದಾರವಾಗಿಯೇ ಇದೆ. ಆದರೆ ಜೋಹಾನ್ಸ್‌ಬರ್ಗಿನ ಸೊವೆಟೊ ಪ್ರದೇಶದ ಫಿರಿ ಎಂಬಲ್ಲಿ ಒಂದೊಂದು ನಿವೇಶನದಲ್ಲಿ ಮುಂದೆ ಒಂದು ಮನೆ, ಹಿತ್ತಲಲ್ಲಿ ಗುಡಿಸಲುಗಳು, ಎಂಟಕ್ಕಿಂತ ಎಷ್ಟೋ ಹೆಚ್ಚು ಜನ. ಮುಂಗಡ ಹಣ ಕಟ್ಟಿದರೆ ಮಾತ್ರ ಹರಿಯುವ ಮೀಟರನ್ನು ಅಲ್ಲಿ ಹಾಕಿದಾಗ ಉಚಿತ ನೀರು ತಿಂಗಳು ಮುಗಿಯುವ ಮೊದಲೇ ಮುಗಿಯಿತು, ನಲ್ಲಿ ನಿಂತಿತು. ಅಲ್ಲಿನ ನಿವಾಸಿಗಳು ದಾವೆ ಹೂಡಿದರು. ಕೆಳಗಿನ ನ್ಯಾಯಾಲಯ 2008ರಲ್ಲಿ ತಲಾ 50 ಲೀಟರು ಕೊಡಬೇಕೆಂದಿತು, ಮೇಲ್ಮನವಿಯಲ್ಲಿ ಅದು 42 ಲೀಟರಾಯಿತು, ಕೊನೆಗೆ 2009ರಲ್ಲಿ ಸಂವಿಧಾನ ನ್ಯಾಯಾಲಯವು ಇಷ್ಟೇ ಲೀಟರೆಂದು ಗೊತ್ತುಮಾಡುವುದು ನ್ಯಾಯಾಲಯದ ಕೆಲಸವಲ್ಲವೆಂದೂ ನಗರಾಡಳಿತದ ನೀತಿ ಅಯುಕ್ತವಲ್ಲವೆಂದೂ ತೀರ್ಪಿತ್ತಿತು. ಆ ತೀರ್ಪು ಸರಿಯೋ ತಪ್ಪೋ ಎಂಬುದನ್ನು ನಮ್ಮ ರಾಜ್ಯಶಾಸ್ತ್ರದ ಮಿತ್ರರಿಗೆ ಬಿಡುತ್ತೇನೆ.

ಎಣಿಸಲು ಮನಸ್ಸು ಮಾಡಿದವರೂ ಇದ್ದಾರೆ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ 1997ರಿಂದ ವ್ಯಕ್ತಿಯೊಬ್ಬನಿಗೆ ವರ್ಷಕ್ಕೆ 15,000 ಲೀಟರು ಉಚಿತವೆಂದಿತ್ತು, ಮನೆಗಲ್ಲ. 2016ರಲ್ಲಿ ಉಚಿತವನ್ನು ತೆಗೆದುಹಾಕಿದರೂ ತಲೆಯೆಣಿಕೆಯನ್ನು ಬಿಡಲಿಲ್ಲ: ಮನೆಗೆ ವರ್ಷಕ್ಕೆ 30,000 ಲೀಟರು, ಅದರ ಮೇಲೆ ಅಲ್ಲಿ ವಾಸವಾಗಿರುವ ಪ್ರತಿಯೊಬ್ಬನಿಗೂ 30,000 ಲೀಟರು ಮೂಲ ದರದಲ್ಲಿ, ಆ ಮಿತಿ ದಾಟಿದ ನೀರಿಗೆ ಇಮ್ಮಡಿ ದರ. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ದಾರಿ ಬೇರೆ. ಅಲ್ಲಿ ಮೀಟರು ಇರುವ, ಸರಕಾರದ ಸಹಾಯಧನ ಪಡೆಯುವ ಸಂಸಾರದಲ್ಲಿ 19 ವರ್ಷಕ್ಕೆ ಒಳಪಟ್ಟ ಮೂರು ಅಥವಾ ಹೆಚ್ಚು ಮಕ್ಕಳಿದ್ದರೆ ಬಿಲ್ಲಿಗೆ ಒಂದು ಮೇಲ್ಮಿತಿಯನ್ನು ಹಾಕುತ್ತಾರೆ. ಎಷ್ಟು ಬಳಸಿದರೂ ಅದನ್ನು ಮೀರಿ ಕೇಳುವುದಿಲ್ಲ. ನಮ್ಮಲ್ಲಿಯೂ ಹೀಗೆ ಮಾಡಬಹುದೆ ಎಂದರೆ, ಬಾಡಿಗೆದಾರರ ಹೆಸರು ಎಲ್ಲಿಯೂ ಬರೆದಿರುವುದಿಲ್ಲ, ಊರಿಗೆ ಹೋದ ಮಗನ ಹೆಸರು ಚೀಟಿಯಲ್ಲಿ ಉಳಿದಿರುತ್ತದೆ, ಇಲ್ಲದ ತಲೆಗಳು ಹುಟ್ಟಿಕೊಳ್ಳುತ್ತವೆ ಎಂಬ ಆಕ್ಷೇಪಣೆ ಬರುವುದು ಸಹಜ. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಅಕ್ಕಿಗೆ ಎಣಿಸಿದ ತಲೆಗಳನ್ನು ನೀರಿಗೆ ಎಣಿಸಲಾಗದೆಂಬುದು ನನಗೆ ಒಪ್ಪಿಗೆಯಾಗದು.

ಇರಲಿ. ಸರಕಾರ ಎಣಿಸುವವರೆಗೆ ನಮ್ಮ ಮನೆ ಕಾಯುವಂತಿರಲಿಲ್ಲ. ದೊಡ್ಡಪ್ಪನವರು ಒಂದು ಉಪಾಯವನ್ನು ಕಂಡುಹಿಡಿದಿದ್ದರು: ಮಹಡಿಗೆ ಬೇರೊಂದು ಮೀಟರು ಹಾಕಿಸುವುದು. ಲೆಕ್ಕದ ಪ್ರಕಾರ ಅದು ಸೊಗಸಾಗಿಯೇ ಇತ್ತು. ಆರು ಜನರ ಕೆಳಮನೆಗೆ ತಲಾ 135 ಲೀಟರಿನಂತೆ 235 ರೂಪಾಯಿ 30 ಪೈಸೆ, ಐದು ಜನರ ಮಹಡಿಗೆ 190 ರೂಪಾಯಿ 75 ಪೈಸೆ; ಎರಡೂ ಸೇರಿ 426 ರೂಪಾಯಿ 5 ಪೈಸೆ. ಒಂದೇ ಮೀಟರಿನಲ್ಲಿ 751. ತಿಂಗಳಿಗೆ 325 ರೂಪಾಯಿ ಉಳಿತಾಯ, ಒಂದು ಹನಿ ನೀರನ್ನೂ ಉಳಿಸದೆ! ಬೇರೆಯಾದವರಿಗೆ ಬಹುಮಾನ ಕೊಡುವ ದರಪಟ್ಟಿ ಇದು ಎಂದು ತಂದೆಯವರು ಅಂದರು. ಆಮೇಲೆ ಮಾತು ಒಳಚರಂಡಿ ಶುಲ್ಕಕ್ಕೆ ಹೋಯಿತು, ಅಲ್ಲಿಂದ ಮೋಟಾರಿನ ಕರೆಂಟಿಗೆ, ಅಲ್ಲಿಂದ ಅಡಿಗೆಯ ಅನಿಲಕ್ಕೆ. ಎರಡು ಮೀಟರೆಂದರೆ ಎರಡು ಒಲೆಯೆಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಾಗಿಲ ಬಳಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅಜ್ಜಿ ಮಾತ್ರ, "ನನ್ನ ಸ್ನಾನದ ನೀರು ಯಾರ ಲೆಕ್ಕಕ್ಕೆ ಬರುತ್ತದಪ್ಪ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ಏನೋ. ಉತ್ತರ ಹೇಳುವವರು ಯಾರೂ ಇರಲಿಲ್ಲ.

ಮೀಟರನ್ನು ಒಡೆಯುವುದಕ್ಕೆ ಮುಂಚೆ ನೀರು ಎಲ್ಲಿ ಹೋಗುತ್ತದೆಂಬುದನ್ನು ನೋಡೋಣವೆಂದು ನಾನು ಹೇಳಿದೆನು. ಅದು 2024ರ ಮಾರ್ಚಿ. ಊರಿನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರುಗಳು ಬೀದಿಬೀದಿ ತಿರುಗುತ್ತಿದ್ದ ಕಾಲ. ಕುಡಿಯುವ ನೀರಿನಿಂದ ವಾಹನ ತೊಳೆದರೆ, ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡವೆಂದು ಆಜ್ಞೆಯೂ ಬಂದಿತ್ತು. ಎಲ್ಲರಿಗೂ ನೀರಿನ ಭಯ ಹತ್ತಿದ್ದುದರಿಂದ ನನ್ನ ಮಾತಿಗೆ ಬೆಲೆ ಬಂತು. ನಾನು ಒಂದು ಕಾಗದದ ಮೇಲೆ ಗೆರೆ ಎಳೆದು, ಎಡಗಡೆ ಹನ್ನೊಂದು ಹೆಸರುಗಳನ್ನೂ ಮೇಲುಗಡೆ ವಾರಗಳನ್ನೂ ಬರೆದು, ಬಚ್ಚಲ ಬಾಗಿಲಿಗೆ ಅಂಟಿಸಿದೆನು. ಯಾರು ಎಷ್ಟು ಬಕೆಟ್ಟು ಬಳಸಿದರೂ ಗೀಟು ಹಾಕಬೇಕು. ಬಕೆಟ್ಟು 16 ಲೀಟರಿನದು. ಅಡಿಗೆಮನೆಗೆ, ಬಟ್ಟೆಗೆ, ಅಂಗಳಕ್ಕೆ ಬೇರೆ ಚೀಟಿ. ಎಂಟು ದಿನ ಈ ಲೆಕ್ಕ ನಡೆಯಿತು.

ಬಂದ ಫಲವಿದು. ದಿನಕ್ಕೆ ಸ್ನಾನಕ್ಕೆ 420 ಲೀಟರು, ಕಕ್ಕಸಿಗೆ 190, ಬಟ್ಟೆಗೆ 190, ಅಡಿಗೆಗೂ ಪಾತ್ರೆಗೂ 170, ನೆಲ ಒರೆಸಿ ಅಂಗಳ ತೊಳೆದು ತುಳಸಿಗೆ ಹಾಕುವುದಕ್ಕೆ 90, ಕುಡಿಯುವುದಕ್ಕೆ ಶೋಧಕ ಯಂತ್ರದ ಹೊರಗೆ ಹೋಗುವುದೂ ಸೇರಿ 50. ಒಟ್ಟು 1,110 ಲೀಟರು. ತಲಾ 101 ಲೀಟರು! ಎಂಜಿನಿಯರುಗಳ 135ಕ್ಕಿಂತ ಕಾಲುಭಾಗ ಕಡಮೆ. ತುಂಬಿದ ಮನೆಯಲ್ಲಿ ತಲಾ ನೀರು ಕಡಮೆಯಾಗುವುದು ಸಹಜವೇ. ಅನ್ನದ ಪಾತ್ರೆ ನಾಲ್ವರಿಗೂ ಒಂದೇ, ಹನ್ನೊಂದು ಜನರಿಗೂ ಒಂದೇ. ಪಾತ್ರೆ ದೊಡ್ಡದು, ಅಷ್ಟೆ. ನಡುಮನೆಯ ನೆಲವನ್ನು ತಲೆಗೊಂದು ಸಲ ಒರೆಸುವವರುಂಟೆ? ಬಟ್ಟೆಯ ಯಂತ್ರ ಅರ್ಧ ತುಂಬಿ ತಿರುಗಿದ್ದೇ ನಮ್ಮಲ್ಲಿಲ್ಲ. ಮೆಟ್ಟಿಲು ದರವು ದಂಡಿಸುವುದು ಇಂಥ ಮಿತವ್ಯಯಿಗಳನ್ನೇ.

ಈ ಲೆಕ್ಕ ಮಾಡುವಾಗ ಅಜ್ಜಿಯ ಸಾಲಿನಲ್ಲಿ ಒಂದು ವಿಚಿತ್ರವನ್ನು ಕಂಡೆನು. ಮೊದಲ ಎರಡು ದಿನ ಎರಡೆರಡು ಗೀಟು, ಮೂರನೆಯ ದಿನದಿಂದ ಒಂದೇ ಗೀಟು. ಬೆಳಿಗ್ಗೆ ಸ್ನಾನ, ಸಂಜೆ ದೀಪ ಹಚ್ಚುವ ಮುಂಚೆ ಮಡಿಯ ಸ್ನಾನ, ಇದು ಅವರ ಐವತ್ತು ವರ್ಷದ ಅಭ್ಯಾಸ. ಸಂಜೆಯದನ್ನು ಯಾರಿಗೂ ಹೇಳದೆ ಬಿಟ್ಟುಬಿಟ್ಟಿದ್ದರು. ಕೇಳಿದರೆ, "ವಯಸ್ಸಾಯಿತು, ಥಂಡಿ" ಎಂದರು. ಮಾರ್ಚಿ ತಿಂಗಳ ಬೆಂಗಳೂರಿನಲ್ಲಿ ಥಂಡಿ! ಆ ಒಂದು ಬಕೆಟ್ಟಿನಿಂದ ಉಳಿಯುವುದು ದಿನಕ್ಕೆ 16 ಲೀಟರು, ತಿಂಗಳಿಗೆ 480, ಮೂರನೆಯ ಮೆಟ್ಟಿಲಿನ ದರದಲ್ಲಿ 12 ರೂಪಾಯಿ 48 ಪೈಸೆ. ನಾನು ಆ ರಾತ್ರಿಯೇ ಚೀಟಿಯನ್ನು ಕಿತ್ತುಹಾಕಿದೆನು. ಕಿತ್ತ ಮೇಲೂ ಅಂಟಿನ ಗುರುತು ಬಾಗಿಲ ಮೇಲೆ ಬಹಳ ದಿನ ಉಳಿದಿತ್ತು.

ಆದರೆ ಚೀಟಿಯ ಅಂಕಿಗಳು ನನ್ನ ತಲೆಯಲ್ಲಿ ಉಳಿದಿದ್ದವು. ಬಕೆಟ್ಟಿನ ಲೆಕ್ಕದಲ್ಲಿ ದಿನಕ್ಕೆ 1,110 ಲೀಟರಾದರೆ ತಿಂಗಳಿಗೆ 33,300. ಮೀಟರಿನ ಲೆಕ್ಕ 44,000. ಉಳಿದ 10,700 ಲೀಟರನ್ನು ಕುಡಿದವರಾರು?

ಇಲ್ಲಿ ಬೆಂಗಳೂರಿನ ಮನೆಗಳ ನೀರಿನ ಏರ್ಪಾಡನ್ನು ಹೇಳಬೇಕು. ನಮ್ಮಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ರಾತ್ರಿ. ಬೀದಿಯ ಕೊಳವೆಯಿಂದ ಮೀಟರು ದಾಟಿ ನೆಲದೊಳಗಿನ ಸಂಪಿಗೆ ಬೀಳುವುದು. ಬೆಳಿಗ್ಗೆ ಮೋಟಾರು ಹಾಕಿದರೆ ಮಾಳಿಗೆಯ ಟ್ಯಾಂಕಿಗೆ ಏರುವುದು. ಅಲ್ಲಿಂದ ನಲ್ಲಿಗಳಿಗೆ ಇಳಿಯುವುದು. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರಿನ ಚಕ್ರ ತಿರುಗುವುದೇ ನೋಡಿ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಇಪ್ಪತ್ನಾಲ್ಕು ಗಂಟೆಯೂ ನೀರು ಬರುವ ದೇಶಗಳಿಗೆ ಅದು ಸರಿ. ಸಂಪು ಇರುವ ಮನೆಯಲ್ಲಿ ಮನೆಯೊಳಗಿನ ಸೋರಿಕೆ ಮೀಟರಿಗೆ ತಿಳಿಯುವುದೇ ಇಲ್ಲ. ಆದುದರಿಂದ ಲೆಕ್ಕವನ್ನು ಎರಡು ಭಾಗ ಮಾಡಬೇಕು: ಮೀಟರಿನಿಂದ ಟ್ಯಾಂಕಿನವರೆಗೆ ಒಂದು, ಟ್ಯಾಂಕಿನಿಂದ ಬಕೆಟ್ಟಿನವರೆಗೆ ಒಂದು. ಟ್ಯಾಂಕು 1,000 ಲೀಟರಿನದು. ಅದು ಎಷ್ಟು ಸಲ ತುಂಬಿತು, ಎಷ್ಟು ಇಳಿಯಿತು ಎಂದು ಗುರುತು ಹಾಕಿ ನೋಡಿದರೆ ದಿನಕ್ಕೆ 1,250 ಲೀಟರು ಕೆಳಗೆ ಇಳಿಯುತ್ತಿತ್ತು. ಬಕೆಟ್ಟಿಗೆ ಬಂದದ್ದು 1,110. ಅಂದರೆ ಟ್ಯಾಂಕಿನಿಂದ ಈಚೆಗೆ ದಿನಕ್ಕೆ 140 ಲೀಟರು, ಆಚೆಗೆ ತಿಂಗಳಿಗೆ 6,500 ಲೀಟರು ಮಾಯ.

ಆಚೆಯದನ್ನು ಮೊದಲು ಹುಡುಕಿದೆನು. ಸಂಪಿನ ಅಳತೆ 8 ಅಡಿ ಉದ್ದ, 6 ಅಡಿ ಅಗಲ. ಅದರಲ್ಲಿ ಒಂದು ಅಂಗುಲ ನೀರೆಂದರೆ 4 ಘನ ಅಡಿ, ಸುಮಾರು 113 ಲೀಟರು. ಬಿದಿರು ಕೋಲಿಗೆ ಅಂಗುಲದ ಗೆರೆಗಳನ್ನು ಕೊರೆದು ನೀರು ಬಾರದ ದಿನ ಎರಡು ಸಲ ಇಳಿಬಿಟ್ಟು ನೋಡಿದೆ. ಮೋಟಾರು ಎತ್ತಿದ್ದನ್ನು ಬಿಟ್ಟರೆ ಮಟ್ಟ ಇಳಿಯಲಿಲ್ಲ. ಸಂಪು ಸೋರುತ್ತಿರಲಿಲ್ಲ. ಹಾಗಾದರೆ ತುಂಬುವಾಗಲೇ ಹೋಗುತ್ತಿರಬೇಕು. ನೀರು ಬರುವ ರಾತ್ರಿ ಟಾರ್ಚನ್ನು ಹಿಡಿದು ಕಾದು ಕುಳಿತೆ. ಹನ್ನೆರಡು ಗಂಟೆಯ ಸುಮಾರಿಗೆ ಬಂದ ನೀರು ನಾಲ್ಕು ಗಂಟೆಗೆ ಸಂಪನ್ನು ತುಂಬಿತು. ತುಂಬಿದ ಮೇಲೂ ಬೀಳುತ್ತಲೇ ಇತ್ತು. ಹೆಚ್ಚಾದದ್ದು ಮೇಲಣ ಕೊಳವೆಯಿಂದ ಸದ್ದಿಲ್ಲದೆ ಮೋರಿಗೆ ಹೋಗುತ್ತಿತ್ತು. ಸಂಪು ತುಂಬಿದೊಡನೆ ನೀರನ್ನು ನಿಲ್ಲಿಸಬೇಕಾದ ತೇಲುವ ಪ್ಲಾಸ್ಟಿಕ್ ಗುಂಡು ಎಂದೋ ಬಿರುಕು ಬಿಟ್ಟು, ನೀರು ಕುಡಿದು, ಮುಳುಗಿ ಕುಳಿತಿತ್ತು. ಹೊರಗೆ ಹೋಗುವ ನೀರಿಗೆ ಬಕೆಟ್ಟು ಹಿಡಿದೆ. ಒಂದೂವರೆ ನಿಮಿಷಕ್ಕೆ ತುಂಬಿತು. ಬೀದಿಯ ನೀರು ನಿಲ್ಲುವವರೆಗೆ ನಾಲ್ವತ್ತು ನಿಮಿಷ. ರಾತ್ರಿಯೊಂದಕ್ಕೆ 430 ಲೀಟರು, ತಿಂಗಳಿಗೆ ಹದಿನೈದು ರಾತ್ರಿ. ಲೆಕ್ಕ ಸರಿಹೋಯಿತು. ನಾವೆಲ್ಲ ಮಲಗಿದ್ದಾಗ, ನಾವು ಹಣ ಕೊಟ್ಟ ಕಾವೇರಿ ನೂರು ಕಿಲೋಮೀಟರು ದೂರದಿಂದ ಏರಿ ಬಂದು ನಮ್ಮ ಮನೆಯ ಮೋರಿಗೆ ಇಳಿದು ಹೋಗುತ್ತಿದ್ದಳು.

ಈಚೆಯ 140 ಲೀಟರು ಸಿಕ್ಕಲು ಇನ್ನೊಂದು ರಾತ್ರಿ ಬೇಕಾಯಿತು. ಎಲ್ಲರೂ ಮಲಗಿದ ಮೇಲೆ ಹನ್ನೊಂದು ಗಂಟೆಗೂ ಬೆಳಗಿನ ಐದು ಗಂಟೆಗೂ ಟ್ಯಾಂಕಿನ ಮಟ್ಟವನ್ನು ನೋಡಿದರೆ ಆರು ಗಂಟೆಯಲ್ಲಿ 35 ಲೀಟರು ಇಳಿದಿತ್ತು. ನಲ್ಲಿಗಳು ಒಣಗಿಯೇ ಇದ್ದವು. ಕಕ್ಕಸಿನ ಫ್ಲಷ್ ಟ್ಯಾಂಕುಗಳ ಮೇಲೆ ಅನುಮಾನ ಬಂದು, ದೊಡ್ಡಮ್ಮನವರನ್ನು ಕೇಳಿ ಒಂದು ಚಮಚ ಅರಿಸಿನವನ್ನು ಕದಡಿ ಎರಡಕ್ಕೂ ಹಾಕಿದೆನು. ಮೇಲಿನದರಲ್ಲಿ ಏನೂ ಆಗಲಿಲ್ಲ. ಕೆಳಗಿನದರಲ್ಲಿ ಹತ್ತೇ ನಿಮಿಷಕ್ಕೆ ಬಿಳಿಯ ಪಿಂಗಾಣಿಯ ಮೇಲೆ ನೂಲಿನಂತೆ ಹಳದಿ ಗೆರೆ ಇಳಿಯತೊಡಗಿತು. ವಾಷರು ಸವೆದಿತ್ತು.

ಹನಿಹನಿ ತೊಟ್ಟಿಕ್ಕುವ ನಲ್ಲಿಯ ವಿಷಯದಲ್ಲಿ ನಾವೆಲ್ಲ ಶಾಲೆಯಲ್ಲಿ ಪ್ರಬಂಧ ಬರೆದವರೇ. ಆ ಪ್ರಬಂಧಗಳನ್ನು ನಾನೀಗ ಅಷ್ಟಾಗಿ ನಂಬುವುದಿಲ್ಲ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಹಿಡಿದರೆ, ಕ್ಷಣಕ್ಕೊಂದು ಹನಿಯಂತೆ ದಿನವಿಡೀ ತೊಟ್ಟಿಕ್ಕಿದರೂ 4 ಲೀಟರು ಚಿಲ್ಲರೆ. ತಿಂಗಳಿಗೆ 130 ಲೀಟರು, ಹಳೆಯ ದರದಲ್ಲಿ ಮೂರೂವರೆ ರೂಪಾಯಿ. ಅದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಆದುದರಿಂದ ಬೈಗುಳವನ್ನು ತಿನ್ನುತ್ತದೆ. ಮನೆಯನ್ನು ಮುಳುಗಿಸುವ ನೀರು ಕಾಣದೆ ಕೇಳದೆ ಹೋಗುವಂಥದು. ಹಾಗೆಂದು ನಲ್ಲಿಯನ್ನು ರಿಪೇರಿ ಮಾಡಿಸಬಾರದೆಂದಲ್ಲ. ಶೋಧಕ ಯಂತ್ರವು ಒಂದು ಲೀಟರನ್ನು ಶುದ್ಧಿ ಮಾಡಲು ಎರಡು ಮೂರು ಲೀಟರನ್ನು ಹೊರಗೆ ಚೆಲ್ಲುವುದುಂಟು. ಅದನ್ನು ಹಿಡಿದಿಟ್ಟು ನೆಲ ಒರೆಸಲು ಬಳಸುವುದು ಸುಲಭವಾದುದರಿಂದ ಅದನ್ನೂ ಮಾಡಿದೆವು.

ಗುಂಡಿಗೂ ವಾಷರಿಗೂ ಸೇರಿ ಆದ ಖರ್ಚು ಒಂದು ತಿಂಗಳ ಉಳಿತಾಯದಲ್ಲಿಯೇ ತೀರಿತು. ಮುಂದಿನ ಬಿಲ್ಲಿನಲ್ಲಿ ನೀರು 33,000 ಚಿಲ್ಲರೆ ಲೀಟರಿಗೆ ಇಳಿಯಿತು, ಮೊಬಲಗು 737ರಿಂದ 460ರ ಒಳಗೆ ಬಂತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ನೀರು ಉಳಿದದ್ದು ನೂರಕ್ಕೆ ಇಪ್ಪತ್ತನಾಲ್ಕು, ಹಣ ಉಳಿದದ್ದು ನೂರಕ್ಕೆ ಮೂವತ್ತೆಂಟರ ಹತ್ತಿರ. ಉಳಿಸಿದ ನೀರೆಲ್ಲ ಮೂರನೆಯ ಮೆಟ್ಟಿಲಿನದು, 26 ರೂಪಾಯಿಯದು. 7 ರೂಪಾಯಿಯ ನೀರನ್ನು ಯಾರೂ ಮುಟ್ಟಲಿಲ್ಲ. ತರಗತಿಯಲ್ಲಿ ಸೀಮಾಂತ ಎಂಬ ಶಬ್ದವನ್ನು ಎಷ್ಟು ಸಲ ಕೇಳಿದರೂ ಅರ್ಥವಾಗದಿದ್ದುದು ಆ ಬಿಲ್ಲಿನಿಂದ ಅರ್ಥವಾಯಿತು. ಏರುವ ಮೆಟ್ಟಿಲು ತುಂಬಿದ ಮನೆಗೆ ಅನ್ಯಾಯ ಮಾಡುತ್ತದೆಂದು ಮೇಲೆ ಹೇಳಿದೆನಷ್ಟೆ. ಇಳಿಯುವಾಗ ಅದೇ ಮೆಟ್ಟಿಲು ತುಂಬಿದ ಮನೆಗೆ ಹೆಚ್ಚು ಲಾಭವನ್ನೂ ಕೊಡುತ್ತದೆ. ಇನ್ನೊಂದು ಮಾತು. ಆ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ಕಟ್ಟಿದ ದರವೇ ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, ಸಾವಿರಕ್ಕೆ 100. ಮೀಟರಿನ ನಾಲ್ಕನೆಯ ಮೆಟ್ಟಿಲಿನ 45 ರೂಪಾಯಿಯೂ ಅದರ ಮುಂದೆ ಅಗ್ಗ. ಮೀಟರೇ ಇಲ್ಲದ, ಟ್ಯಾಂಕರನ್ನೇ ನಂಬಿದ ಬಡಾವಣೆಗಳ ದೊಡ್ಡ ಸಂಸಾರಗಳ ಗತಿಯನ್ನು ಯೋಚಿಸಿದರೆ ನಮ್ಮ ಗೊಣಗಾಟ ಸಣ್ಣದಾಗಿ ಕಾಣುತ್ತದೆ.

ಆದರೂ ದೊಡ್ಡಪ್ಪನವರ ಲೆಕ್ಕ ಸುಳ್ಳಾಗಲಿಲ್ಲ. 33,300 ಲೀಟರನ್ನು ಎರಡು ಮೀಟರಿಗೆ ಹಂಚಿದರೆ ಈಗಲೂ ಹಳೆಯ ದರದಲ್ಲಿ ತಿಂಗಳಿಗೆ 156 ರೂಪಾಯಿ ಉಳಿಯುತ್ತದೆ. ದರ ಏರಿದ ಮೇಲೆ ಇನ್ನಷ್ಟು. ಅವರು ತಂದ ಅರ್ಜಿಯ ನಮೂನೆ ಬೀರುವಿನಲ್ಲಿ, ಮನೆಯ ಕಾಗದಪತ್ರಗಳ ಕೆಳಗೆ ಇದೆ. ಹೆಸರು, ವಿಳಾಸ ಬರೆದಾಗಿದೆ, ರುಜು ಹಾಕಿಲ್ಲ. ಹೊಸ ದರದ ಮೊದಲನೆಯ ಬಿಲ್ಲು ಬಂದ ದಿನ ಅದನ್ನು ಹೊರಗೆ ತೆಗೆದು ನೋಡಿ, ತಂದೆಯವರ ಕೈಗೆ ಕೊಟ್ಟರು. ತಂದೆಯವರು ಓದಿ ಮಡಿಸಿ ಮತ್ತೆ ಒಳಗಿಟ್ಟರು. ಅಷ್ಟರಲ್ಲಿ ಸಂಜೆಯಾಗಿತ್ತು, ಬಚ್ಚಲಿನಲ್ಲಿ ಅಜ್ಜಿ ಚೊಂಬಿನಿಂದ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು.